ಬೇಸಿಗೆಗೆ ಮುಂಚೆಯೇ ತಟ್ಟಬೇಕಾದ ಬಾಗಿಲು

ಪ್ರೀತಿಯ ತಂಗಿ,

ಆಗಸ್ಟ್‌ನಲ್ಲಿ ಕೊಪ್ಪಳದಿಂದ ಇಂಡಿಯಾನಾಕ್ಕೆ ಬಂದು ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿಗೆ ಸೇರಿರುವ ನೀನು ನನಗೆ ಕೇಳಿದ ಪ್ರಶ್ನೆಗಳು ಇವು: ಇಲ್ಲಿಯ ಬದುಕು ಹೇಗಿರುತ್ತದೆ; ಬೇಸಿಗೆ ರಜೆಯ ಸಂಶೋಧನಾ ಅವಕಾಶಗಳೆಲ್ಲ ಅಮೆರಿಕದ ನಾಗರಿಕರಿಗೇ ಮೀಸಲು ಎಂದು ಸಹಪಾಠಿಗಳು ಹೇಳುವುದು ನಿಜವೇ; ನಿಜವಾದರೆ ಆ ಮೂರು ತಿಂಗಳು ಊರಿಗೆ ಹೋಗಿ ಬರುವುದೋ, ಕ್ಯಾಂಪಸ್ಸಿನ ಊಟದ ಮನೆಯಲ್ಲಿ ದುಡಿದು ನಾಲ್ಕು ದುಡ್ಡು ಕೂಡಿಡುವುದೋ. ಕೊಪ್ಪಳದಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿರುವ, ರಸಾಯನಶಾಸ್ತ್ರವೆಂದರೆ ಪ್ರಾಣ ಬಿಡುವ ತಮ್ಮನಿಗೂ ಏನಾದರೂ ಹೇಳಿ ಅಕ್ಕಾರೆ, ಎಂದು ಕೊನೆಗೆ ಸೇರಿಸಿದ್ದೀಯ. ನಾನು ಗಂಗಾವತಿಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. 1998ರಲ್ಲಿ, ಬಿ.ಎಸ್ಸಿ. ಅರ್ಧಕ್ಕೆ ಬಿಟ್ಟು, ಮದುವೆಯಾಗಿ ಓಹಿಯೊಗೆ ಬಂದೆ. ಇಲ್ಲಿಯೇ ಪದವಿ ಮುಗಿಸಿ, ಮುಂದೆ ಓದಿ, ಈಗ ಇಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದೇನೆ. ಆದ್ದರಿಂದ ನಿನ್ನ ಪ್ರಶ್ನೆಗಳನ್ನು ಮೇಜಿನ ಎರಡೂ ಬದಿಗೆ ಕೂತು ನೋಡಿದ್ದೇನೆ.

ನಿನ್ನ ಸಹಪಾಠಿಗಳು ಹೇಳಿದ್ದು ಮುಕ್ಕಾಲು ಪಾಲು ನಿಜ. ಅವರು ಹೇಳುತ್ತಿರುವುದು ಸಂಶೋಧನೆಗೆ ಹಣ ಕೊಡುವ ಇಲ್ಲಿಯ ಸರ್ಕಾರಿ ಸಂಸ್ಥೆಯಾದ ನ್ಯಾಷನಲ್ ಸೈನ್ಸ್ ಫೌಂಡೇಶನ್ 1987ರಿಂದ ನಡೆಸಿಕೊಂಡು ಬಂದಿರುವ, ಎಲ್ಲರೂ 'ಆರ್‌ಇಯು' (ರಿಸರ್ಚ್ ಎಕ್ಸ್‌ಪೀರಿಯನ್ಸಸ್ ಫಾರ್ ಅಂಡರ್‌ಗ್ರಾಜುಯೇಟ್ಸ್) ಎಂದು ಕರೆಯುವ ಕಾರ್ಯಕ್ರಮದ ಬಗ್ಗೆ. ಪದವಿ ವಿದ್ಯಾರ್ಥಿಗಳ ಒಂದು ಸಣ್ಣ ಗುಂಪನ್ನು ಒಂದು ವಿಶ್ವವಿದ್ಯಾಲಯ ಎಂಟು ಹತ್ತು ವಾರ ತನ್ನಲ್ಲಿ ಇಟ್ಟುಕೊಂಡು, ಭತ್ಯೆ ಕೊಟ್ಟು, ಸಾಮಾನ್ಯವಾಗಿ ವಸತಿಯನ್ನೂ ಒದಗಿಸಿ, ಇನ್ನೂ ಉತ್ತರ ಸಿಗದ ಪ್ರಶ್ನೆಗಳ ಮೇಲೆ ಕೆಲಸ ಮಾಡಿಸುತ್ತದೆ. ಫೌಂಡೇಶನ್ನಿನ ಹಣ ಅಮೆರಿಕದ ನಾಗರಿಕರಿಗೂ ಇಲ್ಲಿಯ ಕಾಯಂ ನಿವಾಸಿಗಳಿಗೂ ಮಾತ್ರ ಸಲ್ಲಬೇಕೆಂಬುದು ನಿಯಮ, ಅದರಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ಕೆಲವು ಕಡೆ ವಿಶ್ವವಿದ್ಯಾಲಯದ ಸ್ವಂತ ಹಣವೋ ಬೇರೆ ದತ್ತಿಯೋ ಜೊತೆಗಿರುತ್ತದೆ, ಅಂಥಲ್ಲಿ ಒಬ್ಬಿಬ್ಬರು ಹೊರದೇಶದ ವಿದ್ಯಾರ್ಥಿಗಳನ್ನೂ ತೆಗೆದುಕೊಳ್ಳುತ್ತಾರೆ. ಕೆನಡಾದ ಟೊರಾಂಟೋದಲ್ಲಿರುವ ಫೀಲ್ಡ್ಸ್ ಗಣಿತ ಸಂಶೋಧನಾ ಸಂಸ್ಥೆಯ ಬೇಸಿಗೆ ಕಾರ್ಯಕ್ರಮ ಕೆನಡಾದವರಲ್ಲದವರ ಅರ್ಜಿಯನ್ನೂ ನೋಡುತ್ತದೆ. ಹೀಗಾಗಿ ಯಾವ ಪ್ರಕಟಣೆ ಕಂಡರೂ ಮೊದಲು ಅರ್ಹತೆಯ ಸಾಲನ್ನು ಓದು, ವಿಷಯದ ಸೊಗಸಾದ ವಿವರಣೆಯನ್ನು ಆಮೇಲೆ ಓದು. ಅರ್ಜಿಗಳ ಕೊನೆಯ ದಿನ ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ ಇರುತ್ತದೆ. ಬೇಸಿಗೆಯ ಕೆಲಸಕ್ಕೆ ಬೇಸಿಗೆಯಲ್ಲಿ ಅರ್ಜಿ ಹಾಕುವುದಲ್ಲ ಎಂಬುದು ನನಗೆ ಇಲ್ಲಿ ಬಂದು ಒಂದು ವರ್ಷವಾದ ಮೇಲೆ ತಿಳಿಯಿತು.

ನಿನಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಬೇರೆಯೇ ಇದೆ. ಈ ದೇಶದಲ್ಲಿ ಪದವಿ ವಿದ್ಯಾರ್ಥಿಗೆ ಸಿಗುವ ಸಂಶೋಧನೆಯ ಬಹುಪಾಲು ಯಾವ ಪ್ರಕಟಣೆಯಲ್ಲೂ ಬರುವುದಿಲ್ಲ. ಅದು ನಿನ್ನದೇ ವಿಭಾಗದಲ್ಲಿ, ನಿನಗೆ ಪಾಠ ಹೇಳುವ ಪ್ರಾಧ್ಯಾಪಕರ ಕೋಣೆಯಲ್ಲಿ ಶುರುವಾಗುತ್ತದೆ. ಅವರ ಬಾಗಿಲ ಮೇಲೆ ವಾರಕ್ಕೆ ಎರಡೋ ಮೂರೋ ಗಂಟೆ 'ಆಫೀಸ್ ಅವರ್ಸ್' ಎಂದು ಬರೆದಿರುತ್ತದಲ್ಲ, ಆ ಹೊತ್ತು ನಿನ್ನದು. ನಮ್ಮ ಕಡೆ ಮೇಷ್ಟ್ರ ಕೋಣೆಗೆ ಹೋಗುವುದೆಂದರೆ ತಪ್ಪು ಮಾಡಿರಬೇಕು, ಇಲ್ಲವೇ ಹಾಜರಾತಿ ಕಡಿಮೆ ಬಿದ್ದಿರಬೇಕು. ಆ ಅಂಜಿಕೆಯಿಂದ ನಾನು ಮೊದಲ ಎರಡು ಸೆಮಿಸ್ಟರ್ ಒಬ್ಬರ ಬಾಗಿಲನ್ನೂ ತಟ್ಟಲಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಅವರೇ ಗುರುತಿಸಿ ಕರೆಯುತ್ತಾರೆಂದು ಕಾದೆ. ಯಾರೂ ಕರೆಯಲಿಲ್ಲ, ಏಕೆಂದರೆ ಇಲ್ಲಿ ಬಂದು ಕೇಳದವಳಿಗೆ ಆಸಕ್ತಿಯಿಲ್ಲವೆಂದೇ ತಿಳಿಯುತ್ತಾರೆ.

ಮೂರನೇ ಸೆಮಿಸ್ಟರಿನಲ್ಲಿ, ಸಂಖ್ಯಾ ಸಿದ್ಧಾಂತದ ತರಗತಿಯಲ್ಲಿ ಒಂದು ಲೆಕ್ಕ ತಿಳಿಯದೆ, ಕೊನೆಗೆ ಆ ಪ್ರಾಧ್ಯಾಪಕರ ಕೋಣೆಗೆ ಹೋದೆ. ಲೆಕ್ಕ ಹತ್ತು ನಿಮಿಷದಲ್ಲಿ ಮುಗಿಯಿತು. ಊರಿನಲ್ಲಿ ಗಣಿತವನ್ನು ಎಲ್ಲಿ ನೋಡಿದ್ದೆ ಎಂದು ಅವರು ಸುಮ್ಮನೆ ಮಾತಿಗೆ ಕೇಳಿದರು. ಏನು ಹೇಳಬೇಕೆಂದು ತೋಚದೆ ಬೋರ್ಡಿನ ಮೇಲೆ ಮೂರು ಸಾಲು, ಸಾಲಿಗೆ ನಾಲ್ಕರಂತೆ ಚುಕ್ಕಿ ಇಟ್ಟು, ನಮ್ಮವ್ವ ಅಂಗಳದಲ್ಲಿ ಹಾಕುತ್ತಿದ್ದ ಹಾಗೆ ಚುಕ್ಕಿಗಳ ನಡುವೆ ಓರೆಯಾಗಿ ಹಾದು, ಅಂಚಿಗೆ ಬಂದಾಗ ತಿರುಗಿ, ಎಲ್ಲ ಚುಕ್ಕಿಗಳನ್ನೂ ಸುತ್ತಿ ಬರುವ ಎಳೆಯ ರಂಗೋಲಿ ಬರೆದೆ. ಎಳೆ ಎಲ್ಲಿಯೂ ಕಡಿಯದೆ ಹೊರಟಲ್ಲಿಗೇ ಬಂದು ಕೂಡಿತು. ನಾಲ್ಕು ಸಾಲು, ಸಾಲಿಗೆ ಆರು ಚುಕ್ಕಿ ಇಟ್ಟರೆ ಎಂದು ಕೇಳಿದರು. ಬರೆದು ನೋಡಿದೆ, ಒಂದೇ ಎಳೆಯಲ್ಲಿ ಆಗಲಿಲ್ಲ, ಎರಡು ಎಳೆ ಬೇಕಾದವು. ಐದಕ್ಕೆ ಐದು ಇಟ್ಟಾಗ ಐದು ಎಳೆ. ಆ ಸಂಜೆ ಮನೆಯಲ್ಲಿ ಕಾಗದಗಟ್ಟಲೆ ಬರೆದ ಮೇಲೆ ಹೊಳೆಯಿತು: ಸಾಲುಗಳ ಸಂಖ್ಯೆ ಮತ್ತು ಸಾಲಿನ ಚುಕ್ಕಿಗಳ ಸಂಖ್ಯೆ, ಇವೆರಡರ ಮ.ಸಾ.ಅ. ಎಷ್ಟೋ ಅಷ್ಟೇ ಎಳೆಗಳು. ಏಳನೇ ತರಗತಿಯಲ್ಲಿ ಬಾಯಿಪಾಠ ಮಾಡಿದ್ದ ಮಹತ್ತಮ ಸಾಮಾನ್ಯ ಅಪವರ್ತನ ನಮ್ಮ ಅಂಗಳದಲ್ಲಿ ಅಷ್ಟು ವರ್ಷ ಬಿದ್ದುಕೊಂಡಿತ್ತು!

ಇದು ಗಣಿತಜ್ಞರಿಗೆ ಮೊದಲೇ ಗೊತ್ತಿದ್ದ ಸಂಗತಿ. ಆದರೆ ಮುಂದಿನ ವಾರ ಹೋದಾಗ ಅವರು ಕೇಳಿದ ಪ್ರಶ್ನೆ ನನ್ನ ದಾರಿಯನ್ನೇ ತಿರುಗಿಸಿತು: ಎಳೆಗಳು ದಾಟುವ ಒಂದು ಜಾಗದಲ್ಲಿ ಸಣ್ಣ ಗೋಡೆ ಇಟ್ಟು, ಎಳೆ ಅಲ್ಲಿ ದಾಟದೆ ಹಿಂದಕ್ಕೆ ತಿರುಗುವಂತೆ ಮಾಡಿದರೆ ಏನಾಗುತ್ತದೆ? ಎರಡು ಬೇರೆ ಬೇರೆ ಎಳೆಗಳು ದಾಟುವಲ್ಲಿ ಗೋಡೆ ಇಟ್ಟರೆ ಅವೆರಡೂ ಕೂಡಿ ಒಂದಾಗುತ್ತವೆ ಎಂಬುದನ್ನು ನಾನೇ ಕಂಡುಕೊಂಡು ಸಾಧಿಸಿದೆ. ಹಾಗಾದರೆ ಎರಡು ಗೋಡೆ, ಮೂರು ಗೋಡೆ, ಗೋಡೆಗಳ ಒಂದು ಸಾಲು? ಇಂಥ ಪ್ರಶ್ನೆಗಳ ಬೆನ್ನು ಹತ್ತಿ ಹೋಗುವುದನ್ನೇ ಇಲ್ಲಿ ಪದವಿ ಮಟ್ಟದ ಸಂಶೋಧನೆ ಎನ್ನುತ್ತಾರೆ. ಇದಕ್ಕೆ ಪ್ರತಿಭೆಗಿಂತ ಮೊದಲು ಬೇಕಾದದ್ದು ವಾರ ತಪ್ಪದೆ ಹೋಗುವುದು, ಹೋಗುವಾಗ ಕೈಯಲ್ಲಿ ಏನಾದರೂ ಬರೆದುಕೊಂಡು ಹೋಗುವುದು.

ಹೀಗೆ ಹೋಗುತ್ತಿದ್ದುದರಿಂದಲೇ ನನಗೆ ಶಿಫಾರಸು ಪತ್ರ ಎಂದರೇನೆಂಬುದೂ ತಿಳಿಯಿತು. ಈಗ ನಾನೇ ಅರ್ಜಿಗಳನ್ನು ಓದುವಾಗ 'ತರಗತಿಯಲ್ಲಿ ಮೊದಲ ಸ್ಥಾನ ಪಡೆದಿದ್ದಾಳೆ' ಎಂಬ ಪತ್ರ ಹತ್ತು ಬಂದರೆ ಹತ್ತೂ ಒಂದೇ ರೀತಿ ಕಾಣುತ್ತವೆ. 'ಒಂದು ಪ್ರಮೇಯದ ಸಾಧನೆಯಲ್ಲಿ ಮೂರು ವಾರ ಸಿಕ್ಕಿಹಾಕಿಕೊಂಡಿದ್ದಳು, ತಪ್ಪು ಎಲ್ಲಿದೆಯೆಂದು ತಾನೇ ಹುಡುಕಿ ತಂದಳು' ಎಂದು ಬರೆದ ಪತ್ರವನ್ನು ಮಾತ್ರ ಎತ್ತಿ ಬೇರೆ ಇಡುತ್ತೇನೆ. ಅಂಥ ಪತ್ರ ಬರೆಯಲು ಆ ಪ್ರಾಧ್ಯಾಪಕರು ನೀನು ಸಿಕ್ಕಿಹಾಕಿಕೊಂಡದ್ದನ್ನು ಕಣ್ಣಾರೆ ಕಂಡಿರಬೇಕು.

ಇನ್ನು ಹಣದ ಮಾತು. ಇದರಲ್ಲಿ ನಾನು ಪೆಟ್ಟು ತಿಂದಿದ್ದೇನೆ, ನೀನು ತಿನ್ನಬಾರದು. ನಾನು ಗಂಡನ ಮೇಲೆ ಅವಲಂಬಿತಳಾಗಿ ಎಚ್-4 ವೀಸಾದಲ್ಲಿದ್ದೆ. ಆ ವೀಸಾದಲ್ಲಿ ಓದಬಹುದು, ಆದರೆ ಕೆಲಸದ ಪರವಾನಗಿ ಇಲ್ಲದೆ ಸಂಬಳ ಪಡೆಯುವಂತಿಲ್ಲ. ನನ್ನ ಪ್ರಾಧ್ಯಾಪಕರು ಬೇಸಿಗೆಗೆ ಒಂದಿಷ್ಟು ಹಣ ಗೊತ್ತುಮಾಡಿದರು, ಸಂಬಂಧಪಟ್ಟ ಕಚೇರಿಯವರು ಎಲ್ಲ ಸರಿಯಿದೆಯೆಂದು ಕಾಗದಕ್ಕೆ ಸಹಿ ಹಾಕಿದರು, ಎರಡು ವಾರ ಕೆಲಸವೂ ನಡೆಯಿತು. ಆಮೇಲೆ ಅದೇ ಕಚೇರಿಯವರು ಕರೆದು, ನನ್ನ ವೀಸಾದಲ್ಲಿ ಇದು ಆಗುವುದಿಲ್ಲ, ಕೊಟ್ಟ ಚೆಕ್ ವಾಪಸು ಕೊಡಿ ಎಂದರು. ಅಂದು ಬಸ್ಸಿನಲ್ಲಿ ಅತ್ತುಕೊಂಡೇ ಮನೆಗೆ ಬಂದೆ. ಹಣಕ್ಕಿಂತ ಹೆಚ್ಚಾಗಿ, ಕಾನೂನು ಮೀರಿದವಳೆಂದು ಎಲ್ಲಿ ಹೆಸರು ಬರುತ್ತದೋ ಎಂಬ ಭಯ ತಿಂಗಳುಗಟ್ಟಲೆ ಕಾಡಿತು. ಪ್ರಾಧ್ಯಾಪಕರು ಆ ಕೆಲಸವನ್ನೇ ಮುಂದಿನ ಸೆಮಿಸ್ಟರಿಗೆ 'ಇಂಡಿಪೆಂಡೆಂಟ್ ಸ್ಟಡಿ' ಎಂಬ ಕೋರ್ಸಾಗಿ ಮಾಡಿಕೊಟ್ಟರು. ಸಂಬಳವಿಲ್ಲದಿದ್ದರೂ ಪದವಿಗೆ ಲೆಕ್ಕವಾಗುವ ಕ್ರೆಡಿಟ್ ಸಿಕ್ಕಿತು, ಕೆಲಸ ಉಳಿಯಿತು.

ನೀನು ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿರುವುದರಿಂದ ನಿನ್ನ ಸ್ಥಿತಿ ಮೇಲು. ನಿನ್ನದೇ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆ, ರಜೆಯಲ್ಲಿ ಪೂರ್ಣಾವಧಿ ಕೆಲಸ ಮಾಡಬಹುದು, ಮತ್ತು ಪ್ರಾಧ್ಯಾಪಕರ ಕೈಕೆಳಗಿನ ಸಂಬಳದ ಸಂಶೋಧನೆಯೂ ಅದರಲ್ಲಿ ಬರುತ್ತದೆ. ಆ 20 ಗಂಟೆ ಎಲ್ಲ ಕೆಲಸಗಳೂ ಸೇರಿ ಎಂಬುದು ನೆನಪಿರಲಿ. ಊಟದ ಮನೆಯ ಕೆಲಸಕ್ಕೆ 15 ಗಂಟೆ ಕೊಟ್ಟರೆ ಉಳಿಯುವುದು ಐದೇ. ಬೇರೆ ವಿಶ್ವವಿದ್ಯಾಲಯಕ್ಕೋ ಕಂಪನಿಗೋ ಹೋಗಿ ಸಂಬಳ ಪಡೆಯಬೇಕಾದರೆ ಸಾಮಾನ್ಯವಾಗಿ ಒಂದು ಪೂರ್ಣ ಶೈಕ್ಷಣಿಕ ವರ್ಷ ಮುಗಿದಿರಬೇಕು, ಓದಿನ ಭಾಗವಾಗಿ ಹೊರಗೆ ಕೆಲಸ ಮಾಡಲು ಕೊಡುವ 'ಸಿಪಿಟಿ' ಎಂಬ ಅನುಮತಿ ಕೆಲಸ ಆರಂಭವಾಗುವ ಮೊದಲೇ ನಿನ್ನ ಐ-20ರ (ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಟ್ಟ ಪತ್ರದ) ಮೇಲೆ ಬಂದಿರಬೇಕು. ವಿಭಾಗದ ಗುಮಾಸ್ತರು ಏನೇ ಹೇಳಲಿ, ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಸಲಹೆಗಾರರಿಂದ ಬರವಣಿಗೆಯಲ್ಲಿ ಉತ್ತರ ಪಡೆಯದೆ ಸಹಿ ಹಾಕಬೇಡ.

ಪೌರತ್ವ ಕೇಳದ ಅವಕಾಶಗಳೂ ಬೇಕಾದಷ್ಟಿವೆ. ಅನೇಕ ಗಣಿತ ವಿಭಾಗಗಳಲ್ಲಿ 'ಡೈರೆಕ್ಟೆಡ್ ರೀಡಿಂಗ್' ಎಂಬ ಏರ್ಪಾಡಿದೆ, ಒಬ್ಬ ಪಿಎಚ್.ಡಿ. ವಿದ್ಯಾರ್ಥಿಯ ಜೊತೆ ಒಂದು ಸೆಮಿಸ್ಟರ್ ಒಂದು ಪುಸ್ತಕ ಓದಿ ಕೊನೆಗೆ ಹದಿನೈದಿಪ್ಪತ್ತು ನಿಮಿಷ ಮಾತಾಡಬೇಕು. ಮೊದಲ ವರ್ಷದವಳಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ. ಡಿಸೆಂಬರಿನ ಮೊದಲ ಶನಿವಾರ ಪದವಿ ವಿದ್ಯಾರ್ಥಿಗಳಿಗಾಗಿ ಪುಟ್ನಮ್ ಎಂಬ ಗಣಿತ ಸ್ಪರ್ಧೆ ನಡೆಯುತ್ತದೆ: ಬೆಳಗ್ಗೆ ಮೂರು ಗಂಟೆ, ಮಧ್ಯಾಹ್ನ ಮೂರು ಗಂಟೆ, ಒಟ್ಟು 12 ಪ್ರಶ್ನೆ, 120 ಅಂಕ. ಎಷ್ಟೋ ವರ್ಷ ಬರೆದವರ ಮಧ್ಯಾಂಕವೇ (ಅಂಕಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕ) ಸೊನ್ನೆ ಅಥವಾ ಒಂದು ಇರುತ್ತದೆ. ಸೊನ್ನೆ ಬಂದರೆ ಅಳಬೇಡ, ಆದರೆ ಅದಕ್ಕಾಗಿ ವಿಭಾಗದಲ್ಲಿ ನಡೆಯುವ ವಾರದ ಅಭ್ಯಾಸ ಕೂಟವನ್ನು ತಪ್ಪಿಸಬೇಡ, ನನ್ನ ಇಂದಿನ ಗೆಳತಿಯರಲ್ಲಿ ಇಬ್ಬರು ಅಂಥ ಕೂಟದಲ್ಲಿ ಸಿಕ್ಕವರು. ಮೂವರು ಸೇರಿ ನಾಲ್ಕು ದಿನ ಒಂದು ವಾಸ್ತವದ ಸಮಸ್ಯೆಗೆ ಗಣಿತದ ಮಾದರಿ ಕಟ್ಟುವ ಎಂಸಿಎಂ ಸ್ಪರ್ಧೆ 1985ರಿಂದ ನಡೆದಿದೆ. ಭೌತಶಾಸ್ತ್ರವೂ ಇರುವ ನಿನಗೆ ಅದು ಹೆಚ್ಚು ಒಗ್ಗಬಹುದು. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಮೊದಲು ಕೊಡುವುದು ಬೆಸುಗೆ ಹಾಕುವುದು, ಉಪಕರಣ ತೊಳೆಯುವುದು, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ದತ್ತಾಂಶ ಜೋಡಿಸುವುದು, ಇಂಥ ಕೆಲಸ. ಅದನ್ನು ಕೀಳೆಂದು ತಿಳಿಯದೆ ಮಾಡು. ಆ ಉಪಕರಣ ಏನನ್ನು ಅಳೆಯುತ್ತದೆಂದು ಕೇಳುವ ಹಕ್ಕು ಅದರಿಂದಲೇ ಬರುತ್ತದೆ.

ಊರಿಗೆ ಹೋಗುವ ಬಗ್ಗೆ ನನ್ನ ಅಭಿಪ್ರಾಯ: ಮೊದಲ ಬೇಸಿಗೆ ಹೋಗಿ ಬಾ. ಅವ್ವನ ಕೈಯ ರೊಟ್ಟಿ, ಗುರೆಳ್ಳು ಚಟ್ನಿ ತಿಂದು ಬಂದರೆ ಎರಡನೇ ಚಳಿಗಾಲವನ್ನು ಎದುರಿಸುವ ಬಲ ಬರುತ್ತದೆ. ಎರಡನೇ ಮತ್ತು ಮೂರನೇ ಬೇಸಿಗೆ ಇಲ್ಲಿಯೇ ಉಳಿ. ಬೇಸಿಗೆಯಲ್ಲಿ ಕ್ಯಾಂಪಸ್ ಖಾಲಿಯಾಗಿ ಭಣಗುಡುತ್ತದೆ, ಬಸ್ಸು ಕಡಿಮೆಯಾಗುತ್ತವೆ, ಭಾನುವಾರ ಮಾತಾಡಲು ಒಬ್ಬರೂ ಸಿಗದ ದಿನಗಳು ಇರುತ್ತವೆ. ರಜೆಗೆ ಹೊರಟವರ ಕೋಣೆ ಕಡಿಮೆ ಬಾಡಿಗೆಗೆ ಸಿಗುತ್ತದೆ, ಅದನ್ನು ಮಾರ್ಚ್‌ನಲ್ಲೇ ಗೊತ್ತುಮಾಡಿಕೋ. ದುಡಿಯಲೇಬೇಕಾದರೆ ಗಣಿತ ವಿಭಾಗದಲ್ಲಿ ಉತ್ತರ ತಿದ್ದುವ ಕೆಲಸವನ್ನೋ, ಕಿರಿಯರಿಗೆ ಲೆಕ್ಕ ಹೇಳಿಕೊಡುವ ಕೆಲಸವನ್ನೋ ಮೊದಲು ಕೇಳು. ಕಲಿತದ್ದು ಗಟ್ಟಿಯಾಗುತ್ತದೆ, ಪ್ರಾಧ್ಯಾಪಕರ ಕಣ್ಣಿಗೂ ಬೀಳುತ್ತೀಯ.

ತಮ್ಮನಿಗೆ ಹೇಳು, ಭಾರತದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ ಮಾಡಬಹುದು. ಅದರ ಅರ್ಜಿ ಸಾಮಾನ್ಯವಾಗಿ ನವೆಂಬರಿನಲ್ಲೇ ಮುಗಿಯುತ್ತದೆ, ಹಾಗಾಗಿ ಇಂದೇ ಕೇಳಬೇಕು. ಗಣಿತದ ಗೆಳೆಯರಿದ್ದರೆ ಅವರಿಗೆ ಎಂಟಿಟಿಎಸ್ (ಮ್ಯಾಥಮ್ಯಾಟಿಕ್ಸ್ ಟ್ರೇನಿಂಗ್ ಅಂಡ್ ಟ್ಯಾಲೆಂಟ್ ಸರ್ಚ್) ಇದೆ, 1993ರಲ್ಲಿ ಪ್ರೊ. ಎಸ್. ಕುಮರೇಶನ್ ಆರಂಭಿಸಿದ ಆ ಬೇಸಿಗೆ ಶಿಬಿರದಲ್ಲಿ ಉತ್ತರ ಬಾಯಿಪಾಠ ಹೇಳಿದವರನ್ನು ಏಕೆ ಎಂದು ಕೇಳದೆ ಬಿಡುವುದಿಲ್ಲ.

ಆದರೆ ಅವನು ಬೆಂಗಳೂರಿನ ದಾರಿ ನೋಡುತ್ತ ಕೂರಬೇಕಾಗಿಲ್ಲ. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ನಮ್ಮ ಸೀಮೆಯ ಎಷ್ಟೋ ಗದ್ದೆಗಳು ಸವಳು-ಜವಳಾದವು. ನಮ್ಮ ದೊಡ್ಡಪ್ಪನ ಹೊಲದ ಒಂದು ಮೂಲೆಯಲ್ಲಿ ಬೇಸಿಗೆ ಬಂತೆಂದರೆ ಉಪ್ಪು ಹಿಟ್ಟಿನಂತೆ ಬೆಳ್ಳಗೆ ಮೇಲೆ ಬಂದು ನಿಲ್ಲುತ್ತಿತ್ತು, ಮಕ್ಕಳಾಗಿ ನಾವು ಅದನ್ನು ಬೆರಳಿಗೆ ಹಚ್ಚಿಕೊಂಡು ಆಡುತ್ತಿದ್ದೆವು. ಆ ಮಣ್ಣಿನ ಬಗ್ಗೆಯೇ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಹಳ ವರ್ಷಗಳಿಂದ ಕೆಲಸ ನಡೆದಿದೆ. ಕೊಪ್ಪಳದಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರಬಹುದು. ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರಿಂದ ಒಂದು ಪತ್ರ ತೆಗೆದುಕೊಂಡು, ಯಾವುದಾದರೂ ಸವಳು ಹೊಲದ ಮಣ್ಣನ್ನು ನೀರಿನಲ್ಲಿ ಕಲಸಿ, ಕಾಲೇಜಿನ ಲ್ಯಾಬಿನಲ್ಲೇ ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ) ಅಳೆದು, ಆ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಲ್ಲಿಗೆ ಹೋಗಲಿ. ಹೋಗಿ ಬಂದ ಮೇಲೆ ಅಲ್ಲಿ ಏನು ಕೇಳಿದರು, ಇವನು ಏನು ಹೇಳಿದ ಎಂದು ನನಗೂ ಬರೆಯಲಿ. ನೀನು ನಿನ್ನ ಪ್ರಾಧ್ಯಾಪಕರಿಗೆ ಬರೆಯುವ ಮೊದಲ ಪತ್ರವನ್ನು ಕಳಿಸುವ ಮುಂಚೆ ನನಗೆ ತೋರಿಸು. ಇಂಗ್ಲಿಷಿನಲ್ಲಿ ಕೈ ತಡವರಿಸಿದರೆ ಮೊದಲು ಕನ್ನಡದಲ್ಲೇ ಬರೆದು ಕಳಿಸು, ಕೂತು ಸರಿಮಾಡೋಣ.