ರೇಸ್ ಬಿಟ್ಟ ಕುದುರೆಯ ಬೆನ್ನುನೋವು: ಮಾಲೀಶಿಗೆ ಮೊದಲು ಜೀನು ನೋಡಿ

ನಮಸ್ಕಾರ ಸರ್. ರೇಸ್ ಬಿಟ್ಟ ಹೆಣ್ಣುಕುದುರೆ ತಂದಿದ್ದೀರಿ, ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರುತ್ತದೆ, ಬೆನ್ನಿಗೆ ಮಾಲೀಶು ಮಾಡಬಹುದಾ ಅಂತ ಕೇಳಿದ್ದೀರಿ.

ಮಾಡಬಹುದು. ಆದರೆ ಕಾರಣ ಹಾಗೇ ಉಳಿದರೆ ಇವತ್ತು ಬಿಟ್ಟ ಬಿಗಿತ ನಾಳೆ ಮತ್ತೆ ಬರುತ್ತದೆ. ರೇಸ್ ನಿಂತ ಮೇಲೆ ಇವುಗಳ ಬೆನ್ನಿನ ಮಾಂಸ ಇಳಿದುಹೋಗುತ್ತದೆ. ಬೇರೆ ಕುದುರೆಯ ಜೀನು ಹಾಕಿದರೆ ಹೆಗಲ ಉಬ್ಬಿನ ಹತ್ತಿರ ಒತ್ತುತ್ತದೆ. ಸವಾರಿ ಮುಗಿದು ಜೀನು ತೆಗೆದ ತಕ್ಷಣ ಬೆನ್ನು ನೋಡಿ. ಸುತ್ತ ಬೆವರಿ ಒದ್ದೆಯಾಗಿದ್ದು, ಅಂಗೈ ಅಗಲದ ಜಾಗ ಮಾತ್ರ ಒಣಗಿದ್ದರೆ ಭಾರ ಅಲ್ಲೇ ಬೀಳುತ್ತಿರಬಹುದು. ಬಿಳಿಕೂದಲಿನ ಮಚ್ಚೆಗಳಿದ್ದರೆ ಅವು ಹಳೆಯ ಒತ್ತುಗಾಯದ ಗುರುತು. ಜೀನಿನ ಭಾರ ಕೊನೆಯ ಪಕ್ಕೆಲುಬು ದಾಟಿ ಹಿಂದಕ್ಕೆ ಹೋಗಬಾರದು. ಇನ್ನೊಂದು ವಿಷಯ, ರೇಸ್ ಕುದುರೆಗಳಲ್ಲಿ ಹೊಟ್ಟೆಹುಣ್ಣು ತುಂಬಾ ಜಾಸ್ತಿ. ಪಟ್ಟಿ ಬಿಗಿದಾಗ ಸಿಟ್ಟಾಗುವುದು ಅದರಿಂದಲೂ ಇರಬಹುದು. ಅದಕ್ಕೆ ಮಾಲೀಶು ಏನು ಮಾಡೀತು? ಒಮ್ಮೆ ಡಾಕ್ಟರಿಗೆ ತೋರಿಸಿ.

ಈಗ ಕೈಕೆಲಸ. ಹತ್ತು ನಿಮಿಷ ನಿಧಾನವಾಗಿ ನಡೆಸಿ, ಮೈ ಬೆಚ್ಚಗಾದ ಮೇಲೆ ಶುರು ಮಾಡಿ. ಪಕ್ಕದಲ್ಲಿ ನಿಂತು, ಕುತ್ತಿಗೆಯಿಂದ ಹಿಂದಕ್ಕೆ ಪೂರ್ತಿ ಅಂಗೈಯನ್ನು ಕೂದಲಿನ ದಿಕ್ಕಿಗೆ ಎಳೆಯಿರಿ. ಬೆನ್ನುಮೂಳೆಯ ಮೇಲೆ ಒತ್ತಲೇಬೇಡಿ. ಅದರ ಪಕ್ಕದಲ್ಲಿ ಉದ್ದಕ್ಕೆ ಹೋಗುವ ದಪ್ಪ ಮಾಂಸವೇ ನಿಮ್ಮ ಜಾಗ. ಚಪಾತಿ ಹಿಟ್ಟು ನಾದುವ ಜೋರಿನ ಅರ್ಧದಷ್ಟು ಸಾಕು. ಗಟ್ಟಿ ಗಂಟು ಸಿಕ್ಕಿದರೆ ಉಜ್ಜಬೇಡಿ, ಅಂಗೈ ಅಲ್ಲೇ ಇಟ್ಟು ಕಾಯಿರಿ. ತಲೆ ಇಳಿಸಿ, ಬಾಯಿ ಚಪ್ಪರಿಸಿ, ಉಸಿರು ಬಿಟ್ಟರೆ ಬಿಗಿತ ಸಡಿಲಾಗುತ್ತಿದೆ ಅಂತ. ಬೆನ್ನು ಕುಗ್ಗಿಸಿದರೆ, ಬಾಲ ಬೀಸಿದರೆ ಕೈ ಹಗುರ ಮಾಡಿ. ಎಣ್ಣೆ ಬೇಡ, ಸುಮ್ನೆ ಧೂಳು ಕೂರುತ್ತದೆ.

ನನ್ನ ಕೇಳಿದರೆ ಮಾಲೀಶಿಗಿಂತ ಕ್ಯಾರೆಟ್ ವ್ಯಾಯಾಮ ಮೇಲು. ಕ್ಯಾರೆಟ್ ತೋರಿಸಿ ಗಲ್ಲವನ್ನು ಎದೆಗೆ, ಮುಂಗಾಲಿನ ಮಂಡಿಗಳ ನಡುವೆ, ಆಮೇಲೆ ಎಡಬಲ ಪಕ್ಕೆಗೆ ತರಿಸಿ. ಕಾಲು ಎತ್ತದೆ, ಕೆಲವು ಸೆಕೆಂಡು ಹಾಗೇ ಹಿಡಿಯಬೇಕು. ಒಂದೊಂದು 5 ಸಲ, ವಾರಕ್ಕೆ 5 ದಿನ. ಹೀಗೆ 3 ತಿಂಗಳು ಮಾಡಿಸಿದ ಕುದುರೆಗಳಲ್ಲಿ ಬೆನ್ನುಮೂಳೆಗೆ ಅಂಟಿದ ಒಳಸ್ನಾಯು ದಪ್ಪವಾದದ್ದನ್ನು ಸ್ಕ್ಯಾನ್ ಮಾಡಿ ಅಳೆದಿದ್ದಾರೆ.

ಯಾರಾದರೂ 'ಮೂಳೆ ಜಾರಿದೆ, ಒಂದೇ ಏಟಿಗೆ ಕೂರಿಸುತ್ತೇನೆ' ಅಂದರೆ ನಂಬಬೇಡಿ. ಅಷ್ಟು ದಪ್ಪ ಮಾಂಸದ ಅಡಿಯ ಮೂಳೆ ಹಾಗೆಲ್ಲ ಜಾರುವುದಿಲ್ಲ, ಕೈಯಲ್ಲಿ ಕೂರುವುದೂ ಇಲ್ಲ.

ಜ್ವರ, ಹೊಸ ಊತ, ಚರ್ಮದ ಸೋಂಕು ಇದ್ದರೆ ಮಾಲೀಶು ಬೇಡ. ಕೆಲಸದ ನಂತರ ಹಿಂಭಾಗ ಕಲ್ಲಿನಂತಾಗಿ, ಸುಮ್ಮನೆ ನಿಂತಲ್ಲೇ ಬೆವರಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಉಜ್ಜುವುದೂ ಬೇಡ, ನಡೆಸುವುದೂ ಬೇಡ. ನಿಂತಲ್ಲೇ ನಿಲ್ಲಿಸಿ, ನೀರಿಟ್ಟು, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ.

ಕೆಳಗೆ ಪ್ಯಾಡ್ ಇಲ್ಲದೆ ಬರೀ ಜೀನು ಇಟ್ಟು, ಪಕ್ಕದಿಂದ ಒಂದು, ಹಿಂದಿನಿಂದ ಒಂದು ಫೋಟೋ ಇಲ್ಲಿ ಹಾಕಿ. ಎಲ್ಲಿ ಒತ್ತುತ್ತಿದೆ ಅಂತ ನೋಡೋಣ.