ಡೋಸ್ ತಡವಾದದ್ದಕ್ಕಿಂತ ಚಾರ್ಟ್ ನೋಡಿ

ನಿಮ್ಮ ಸಹೋದ್ಯೋಗಿ ರಾತ್ರಿ 9ರ ಆಂಟಿಬಯಾಟಿಕ್ ಅನ್ನು 11ಕ್ಕೆ ಕೊಟ್ಟು ರೋಗಿಯ ಔಷಧಿ ಚಾರ್ಟ್‌ನಲ್ಲಿ 9 ಅಂತ ಬರೆದಿದ್ದಾರೆ, ಹೇಳಿದರೆ ಸ್ನೇಹ ಕೆಡುತ್ತದಾ ಅಂತ ಕೇಳಿದ್ದೀರಿ. ತಡವಾಗುವುದು ಯಾವ ವಾರ್ಡಿನಲ್ಲೂ ಆಗುತ್ತದೆ. ಸುಳ್ಳು ಸಮಯ ಬರೆದದ್ದೇ ಜಾಸ್ತಿ ತೊಂದರೆ. ವ್ಯಾಂಕೊಮೈಸಿನ್, ಜೆಂಟಾಮೈಸಿನ್ ತರಹದ ಔಷಧಿಯಾದರೆ ರಕ್ತದಲ್ಲಿ ಅದು ಎಷ್ಟಿದೆ ಅಂತ ನೋಡಿ ಮುಂದಿನ ಡೋಸ್ ನಿರ್ಧರಿಸುತ್ತಾರೆ, ಆ ಲೆಕ್ಕಕ್ಕೆ ಕೊಟ್ಟ ಸಮಯ ಸರಿಯಾಗಿ ಬೇಕು, ಚಾರ್ಟ್ ತಪ್ಪಿದ್ದರೆ ಡಾಕ್ಟರ್ ಕೂಡ ತಪ್ಪುತ್ತಾರೆ ಅಲ್ವಾ?

ಮೊದಲು ಅವರ ಹತ್ತಿರವೇ ಮಾತಾಡಿ, ಬೇರೆಯವರ ಮುಂದೆ ಬೇಡ. "ಡಾಕ್ಟರಿಗೆ ಹೇಳೋಣ, ನಾನೂ ಬರ್ತೀನಿ" ಅನ್ನಿ. ಹಳೆಯ ಬರಹ ಅಳಿಸಬಾರದು. ನಿಜವಾದ ಸಮಯವನ್ನೂ ತಿದ್ದಿದ ಹೊತ್ತನ್ನೂ ಬರೆದು ಅವರೇ ಸಹಿ ಮಾಡಲಿ, ಏನಾಯಿತು ಅಂತ ಆಸ್ಪತ್ರೆಗೆ ತಿಳಿಸುವ ಘಟನೆ ವರದಿಯನ್ನೂ ಅವರೇ ತುಂಬಲಿ. ಒಪ್ಪದಿದ್ದರೆ ಅದೇ ಶಿಫ್ಟ್‌ನಲ್ಲಿ ಇನ್‌ಚಾರ್ಜ್‌ಗೆ ಹೇಳಿ, ಹೇಳುತ್ತಿದ್ದೀನಿ ಅಂತ ಅವರಿಗೂ ಮೊದಲೇ ತಿಳಿಸಿ. ಸ್ವಲ್ಪ ದಿನ ಮುಖ ಊದಿಸಿಕೊಳ್ಳಬಹುದು, ಇರಲಿ.