ಬ್ಯಾಟರಿ ಹೊಸದು, ಸೆಲ್ಫ್ ಹೊಸದು, ಗಾಡಿ ಮಾತ್ರ ಟಕ್ ಟಕ್

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಗಾಡಿ ಬೇರೆ ಬೇರೆ, ಕಥೆ ಅದೇ: ಬ್ಯಾಟರಿ ಬದಲಾಯಿಸಿದೆ, ಸೆಲ್ಫ್ (ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್) ಬದಲಾಯಿಸಿದೆ, ಸ್ಟಾರ್ಟ್ ಆಗಲಿಲ್ಲ. ಹಾಗಾಗಿ ಅದೊಂದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಮೀಟರ್ (ಮಲ್ಟಿಮೀಟರ್) ಹಿಡಿಯುವುದು ಹೇಗೆ ಅಂತ ಇಲ್ಲಿ ಹೇಳಿಕೊಡುವುದಿಲ್ಲ.

ಪ್ರಶ್ನೆ: ಕೀ ತಿರುಗಿಸಿದರೆ ‘ಟಕ್ ಟಕ್ ಟಕ್’ ಅನ್ನುತ್ತದೆ, ಇಂಜಿನ್ ತಿರುಗುವುದಿಲ್ಲ. ಎರಡು ತಿಂಗಳ ಹಿಂದೆ ಬ್ಯಾಟರಿ, ಹೋದ ವಾರ ಸೆಲ್ಫ್ ಮೋಟಾರ್ ಹೊಸದು ಹಾಕಿಸಿದೆ. ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತದೆ. ಸ್ಕ್ಯಾನರ್‌ನಲ್ಲಿ ಏನೂ ಬರಲಿಲ್ಲ. ಈಗ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ ಅನ್ನುತ್ತಿದ್ದಾರೆ. ಏನು ಮಾಡಲಿ?

ಮೊದಲು ಆ ಇಸಿಯು ಮೇಲೆ ಕೈ ಹಾಕಲು ಬಿಡಬೇಡಿ. ಏನೂ ಸಿಗದಿದ್ದಾಗ ‘ಇಸಿಯು’ ಅನ್ನುವುದು ಈಗ ಚಾಳಿ ಆಗಿದೆ.

ಆ ಶಬ್ದವನ್ನೇ ಸರಿಯಾಗಿ ಕೇಳಿ. ಕೀ ತಿರುಗಿಸಿದಾಗ ಸಾಲಿನಾಯ್ಡ್ (ಸೆಲ್ಫ್ ಮೇಲಿನ ವಿದ್ಯುತ್ ಅಯಸ್ಕಾಂತದ ಸ್ವಿಚ್) ಎಳೆದುಕೊಂಡು ಒಳಗಿನ ದಪ್ಪ ತಾಮ್ರದ ಕಾಂಟ್ಯಾಕ್ಟ್ ಕೂಡಿಸುತ್ತದೆ. ಮೋಟಾರ್ ಒಮ್ಮೆಗೇ ನೂರಿನ್ನೂರು ಆಂಪಿಯರ್ ಕೇಳುತ್ತದೆ. ದಾರಿಯಲ್ಲಿ ಎಲ್ಲೋ ತಡೆ ಇದ್ದರೆ ವೋಲ್ಟೇಜ್ ಕುಸಿಯುತ್ತದೆ, ಹಿಡಿದುಕೊಳ್ಳಲು ಶಕ್ತಿ ಸಾಲದೆ ಸಾಲಿನಾಯ್ಡ್ ಬಿಟ್ಟುಬಿಡುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಅದೇ ನಿಮ್ಮ ಟಕ್ ಟಕ್. ಕೀ, ರಿಲೇ, ಸಾಲಿನಾಯ್ಡ್ ಮೂರೂ ತಮ್ಮ ಕೆಲಸ ಮಾಡುತ್ತಿವೆ. ಇಸಿಯು ಪಾಲಿನ ಕೆಲಸ ಏನಾದರೂ ಇದ್ದರೆ ಅದೂ ಆಗಿದೆ. ಸ್ಕ್ಯಾನರ್‌ನಲ್ಲಿ ಏನೂ ಬರಲಿಲ್ಲ ಅನ್ನುತ್ತೀರಿ, ಸಡಿಲ ಬೋಲ್ಟ್ ಯಾವ ಸ್ಕ್ಯಾನರ್‌ಗೂ ಕಾಣುವುದಿಲ್ಲ.

ಇನ್ನು ನಿಮ್ಮ 12.6. ಬ್ಯಾಟರಿ ಕೆಲಸವಿಲ್ಲದೆ ಕೂತಿರುವಾಗಿನ ಲೆಕ್ಕ ಅದು. ಹೊರೆ ಬಿದ್ದಾಗ ಏನಾಗುತ್ತದೆ ಅನ್ನುವುದೇ ಮುಖ್ಯ. ಒಂದು ಜಾಯಿಂಟ್‌ನಲ್ಲಿ ಬರೀ 0.02 ಓಮ್ ತಡೆ ಇದೆ ಅಂದುಕೊಳ್ಳಿ. ಹೆಡ್‌ಲೈಟ್ ಎರಡೂ ಸೇರಿ 10 ಆಂಪಿಯರ್ ಎಳೆದರೆ ಅಲ್ಲಿ ಹೋಗುವುದು 0.2 ವೋಲ್ಟ್. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಸೆಲ್ಫ್ 150 ಆಂಪಿಯರ್ ಎಳೆಯಲು ಹೋದಾಗ ಅದೇ ಜಾಯಿಂಟ್ 3 ವೋಲ್ಟ್ ನುಂಗುತ್ತದೆ. ಮೀಟರ್ ಪೀಂ ಅನ್ನಿಸಿ ‘ಕೇಬಲ್ ಓಕೆ’ ಅನ್ನುವವರನ್ನಂತೂ ನಂಬಲೇಬೇಡಿ. ಕೇಬಲ್‌ನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಪೀಂ ಅನ್ನುತ್ತದೆ.

ಈಗ ಪರೀಕ್ಷೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ. ಇನ್ನೊಬ್ಬರನ್ನು ಕೀ ಹತ್ತಿರ ಕೂರಿಸಿ. ಒಂದು ಸಲಕ್ಕೆ ನಾಲ್ಕೈದು ಸೆಕೆಂಡ್‌ಗಿಂತ ಜಾಸ್ತಿ ಸೆಲ್ಫ್ ಹೊಡೆಯುವುದು ಬೇಡ. ಮೀಟರ್ ಡಿಸಿ ವೋಲ್ಟ್‌ನಲ್ಲಿ ಇರಲಿ.

ಮೊದಲು ಬ್ಯಾಟರಿಯ ಎರಡು ಕಂಬಗಳ ಮೇಲೇ ಇಟ್ಟು ಕೀ ತಿರುಗಿಸಲು ಹೇಳಿ. ಕಂಬ ಅಂದರೆ ಸೀಸದ ಕಂಬ, ಅದನ್ನು ಹಿಡಿದಿರುವ ಕ್ಲಾಂಪ್ ಅಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟು ಬ್ಯಾಟರಿಗಳು ಸುಮ್ನೆ ಗುಜರಿಗೆ ಹೋಗಿವೆಯೋ. ಅಲ್ಲಿ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯಲ್ಲಿ ದಮ್ಮಿಲ್ಲ, ಇಲ್ಲವೇ ಮೋಟಾರ್ ಅಥವಾ ಇಂಜಿನ್ ಹಿಡಿದುಕೊಂಡು ಕರೆಂಟ್ ವಿಪರೀತ ಎಳೆಯುತ್ತಿದೆ. ಎರಡು ತಿಂಗಳ ಬ್ಯಾಟರಿ ಹಾಳಾಗಲ್ಲ ಅಂತೇನಿಲ್ಲ. ಡೈನಮೋ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್) ಸರಿಯಾಗಿ ಚಾರ್ಜ್ ಮಾಡದಿದ್ದರೆ ಹೊಸದೂ ಸೊರಗುತ್ತದೆ.

ಆದರೆ 11ರ ಮೇಲೇ ನಿಂತಿತು ಅನ್ನಿ. ಬಹಳ ಪತ್ರಗಳ ಗಾಡಿಗಳಲ್ಲಿ ಹೀಗೇ ಆಗಿರುತ್ತದೆ ಅಂತ ನನ್ನ ಅಂದಾಜು. ಬ್ಯಾಟರಿ ತಯಾರಾಗಿದೆ, ಕರೆಂಟ್ ಮೋಟಾರ್ ಮುಟ್ಟುತ್ತಿಲ್ಲ. ಈಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್‌ನ ಬರಿಗಬ್ಬಿಣಕ್ಕೆ. ಕೀ ತಿರುಗಿಸಿದಾಗ 0.3 ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ತ್, ಅಂದರೆ ಬ್ಯಾಟರಿ ಮೈನಸ್‌ನಿಂದ ಬಾಡಿ, ಇಂಜಿನ್‌ಗೆ ಹೋಗುವ ದಾರಿ, ಕೆಟ್ಟಿದೆ. ಆಮೇಲೆ ಪ್ಲಸ್ ಕಂಬದಿಂದ ಸೆಲ್ಫ್ ಮೇಲಿನ ದಪ್ಪ ಕೇಬಲ್‌ನ ಬೋಲ್ಟ್‌ಗೆ. ಅಲ್ಲಿ ಅರ್ಧ ವೋಲ್ಟ್ ದಾಟಬಾರದು. ಎಲ್ಲಿ ಜಾಸ್ತಿ ಬಂತೋ ಆ ಕಡೆ ಒಂದೊಂದೇ ಜಾಯಿಂಟ್ ದಾಟಿಸಿ ನೋಡುತ್ತಾ ಹೋಗಿ: ಕಂಬದಿಂದ ಕ್ಲಾಂಪ್, ಕ್ಲಾಂಪ್‌ನಿಂದ ಕೇಬಲ್, ಕೇಬಲ್‌ನಿಂದ ಲಗ್ (ಕೇಬಲ್ ತುದಿಯ ಬೋಲ್ಟ್ ಕೂರುವ ಲೋಹದ ಬಳೆ). ವೋಲ್ಟೇಜ್ ಎಲ್ಲಿ ಹಾರುತ್ತದೋ ಅಲ್ಲೇ ಕಳ್ಳ.

ನಿಮ್ಮ ಗಾಡಿಯಲ್ಲಿ ನಾನು ಮೊದಲು ಅನುಮಾನ ಪಡುವುದು ಅರ್ತ್ ಕೇಬಲ್. ಹೊರಗಿನಿಂದ ನೋಡಿದರೆ ಚೊಕ್ಕವಾಗಿರುತ್ತದೆ. ಲಗ್ ಪಕ್ಕದ ರಬ್ಬರನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ. ಒಳಗೆ ಕರಕರ ಅಂದರೆ ಬ್ಲೇಡಿನಿಂದ ಸೀಳಿ. ಹಸಿರು ಕಿಲುಬು ಪುಡಿ ಉದುರುತ್ತದೆ. ಇನ್ನೊಂದು ಸುಳಿವು: ಸೆಲ್ಫ್ ಹೊಡೆದಾಗ ಗೇರ್ ಕೇಬಲ್ ಅಥವಾ ಕ್ಲಚ್ ಕೇಬಲ್ ಬಿಸಿಯಾಗುತ್ತಿದ್ದರೆ, ದಾರಿ ಸಿಗದ ಕರೆಂಟ್ ಅಲ್ಲಿಂದ ಹೋಗುತ್ತಿದೆ.

ದೊಡ್ಡ ಮಾತಾಡುವ ನಾನೂ ಒಮ್ಮೆ ಸ್ವಂತ ಗಾಡಿಗೆ ಎರಡು ಸಲ ಸೆಲ್ಫ್ ಬದಲಾಯಿಸಿದ್ದೇನೆ. ಗಾಡಿಯ ಮೈಗೆ ಹೊಸ ಪೇಂಟ್ ಹೊಡೆಸಿದ್ದೆ. ಅರ್ತ್ ಬೋಲ್ಟನ್ನು ಕರೆಂಟ್ ದಾಟದ ಆ ಪೇಂಟ್ ಮೇಲೇ ಬಿಗಿದಿದ್ದೆ. ಉಗುರಿನಷ್ಟು ಜಾಗ ಎಮರಿ ಪೇಪರಿನಲ್ಲಿ ಉಜ್ಜಿದ ಮೇಲೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಪ್ರಶ್ನೆ: ಟಕ್ ಟಕ್ ಅಲ್ಲ, ಒಂದೇ ಒಂದು ಜೋರಾದ ‘ಟಕ್’. ಸೆಲ್ಫ್ ಮೇಲೆ ಸ್ಪ್ಯಾನರಿನಲ್ಲಿ ಬಡಿದರೆ ಸ್ಟಾರ್ಟ್ ಆಗುತ್ತದೆ. ಬಡಿಯಬಹುದಾ?

ಮೋಟಾರ್ ಒಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆ ಇಲ್ಲವೇ ಸಾಲಿನಾಯ್ಡ್ ಕಾಂಟ್ಯಾಕ್ಟ್ ಸುಟ್ಟಿದೆ. ಮನೆ ಸೇರಲು ಒಂದು ಸಲ ಬಡಿಯಿರಿ, ಆಮೇಲೆ ಬಿಚ್ಚಿಸಿ.

ಪ್ರಶ್ನೆ: ಇಂಜಿನ್ ಚೆನ್ನಾಗಿ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಬ್ಯಾಟರಿ ಬದಲಾಯಿಸಲಾ?

ತಿರುಗುತ್ತಿದೆ ಅಂದಮೇಲೆ ಬ್ಯಾಟರಿ ಯಾಕೆ? ಡ್ಯಾಶ್‌ಬೋರ್ಡಿನಲ್ಲಿ ಕೀ ಅಥವಾ ಬೀಗದ ಚಿತ್ರ ಮಿನುಗುತ್ತಿದ್ದರೆ ಗಾಡಿ ಕೀಯನ್ನು ಗುರುತಿಸುತ್ತಿಲ್ಲ, ಎರಡನೇ ಕೀ ತಂದು ನೋಡಿ. ಇಲ್ಲದಿದ್ದರೆ ಇಂಧನ, ಸ್ಪಾರ್ಕ್, ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗುವುದನ್ನು ಗುರುತಿಸುವ ಸೆನ್ಸರ್) ಕಡೆ ಹೋಗಿ.

ಪ್ರಶ್ನೆ: ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತರೆ ಡೈನಮೋ ಚೆನ್ನಾಗಿದೆಯಾ ಅಂತ ಗೊತ್ತಾಗುತ್ತದಂತೆ?

ಆಗ ನಿಜವಾಗಿಯೂ ಇಸಿಯು ಹೋಗಬಹುದು. ಆ ಕ್ಷಣಕ್ಕೆ ಏಳುವ ವೋಲ್ಟೇಜ್ ಡೈನಮೋದ ಡಯೋಡನ್ನೂ ಬಿಡುವುದಿಲ್ಲ. ಈ ಉಪಾಯ ಹೇಳಿಕೊಟ್ಟವರ ಕೈಗೆ ಇನ್ನು ಗಾಡಿ ಕೊಡಬೇಡಿ. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಮೀಟರ್ ಇಡಿ. ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಸ್ಮಾರ್ಟ್ ಚಾರ್ಜಿಂಗ್ (ಬೇಕಾದಷ್ಟೇ ಚಾರ್ಜ್ ಮಾಡುವ ವ್ಯವಸ್ಥೆ) ಇರುವ ಹೊಸ ಗಾಡಿಗಳಲ್ಲಿ ಆಗಾಗ ಕಡಿಮೆಯೂ ತೋರಿಸುತ್ತದೆ, ಗಾಬರಿ ಬೇಡ.

ಪ್ರಶ್ನೆ: ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಖಾಲಿ. ಕರೆಂಟ್ ಎಲ್ಲಿ ಸೋರುತ್ತಿದೆ?

ಮೈನಸ್ ಕೇಬಲ್ ಬಿಚ್ಚಿ ನಡುವೆ ಆಮೀಟರ್ ಸೇರಿಸಿ. ಬಾಗಿಲು ಹಾಕಿ, ಲಾಕ್ ಮಾಡಿ, ಅರ್ಧ ಗಂಟೆ ಕಾಯಿರಿ. ಕಾಯದೆ ನೋಡಿ ‘2 ಆಂಪಿಯರ್ ಸೋರುತ್ತಿದೆ’ ಅಂತ ಬರೆಯುವವರಿಗೆ ನಾನು ಉತ್ತರ ಕೊಡುವುದಿಲ್ಲ. ಒಳಗಿನ ಎಲೆಕ್ಟ್ರಾನಿಕ್ ಯೂನಿಟ್‌ಗಳು ಮಲಗಬೇಕು, ಆಮೇಲಿನದು ಲೆಕ್ಕ. 50 ಮಿಲಿ ಆಂಪಿಯರ್ ಒಳಗಿದ್ದರೆ ಸರಿ. ಅರ್ಧ ಆಂಪಿಯರ್ ಇದ್ದರೆ ದಿನಕ್ಕೆ 12 ಆಂಪಿಯರ್ ಅವರ್ ಖಾಲಿ, ಮೂರು ದಿನಕ್ಕೆ ಸಣ್ಣ ಕಾರಿನ ಬ್ಯಾಟರಿ ಮಲಗಿತು. ಫ್ಯೂಸ್ ಒಂದೊಂದೇ ತೆಗೆಯುತ್ತಾ ನೋಡಿ. ಮೀಟರ್ ಸೇರಿಸಿಕೊಂಡೇ ಸೆಲ್ಫ್ ಹೊಡೆಯಬೇಡಿ, ಮೀಟರ್ ಫ್ಯೂಸ್ ಹೋಗುತ್ತದೆ.

ಪ್ರಶ್ನೆ: ಫ್ಯೂಸ್ ಪದೇ ಪದೇ ಹೋಗುತ್ತದೆ. ತಾಮ್ರದ ತಂತಿ ಸುತ್ತಬಹುದಾ?

ಇದಕ್ಕೆ ಅಗ್ನಿಶಾಮಕ ದಳದವರು ಉತ್ತರ ಕೊಡುತ್ತಾರೆ.

ಪ್ರಶ್ನೆ: ಬ್ಯಾಟರಿಗೆ ಆಸಿಡ್ ಹಾಕಿದರೆ ಜೀವ ಬರುತ್ತದಾ?

ಇಲ್ಲ. ಆವಿಯಾಗುವುದು ನೀರು, ಆಸಿಡ್ ಅಲ್ಲ. ಡಿಸ್ಟಿಲ್ಡ್ ವಾಟರ್ ಮಾತ್ರ.

ಪ್ರಶ್ನೆ: ಜಂಪ್ ಕೊಡುವಾಗ (ಇನ್ನೊಂದು ಗಾಡಿಯ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವಾಗ) ನಾಲ್ಕನೇ ಕ್ಲಿಪ್ಪನ್ನು ಬ್ಯಾಟರಿ ಖಾಲಿಯಾದ ಗಾಡಿಯ ಇಂಜಿನ್‌ಗೆ ಹಾಕಿ ಅಂತೀರಿ. ನಾನು ಬ್ಯಾಟರಿ ಮೈನಸ್‌ಗೇ ಹಾಕುತ್ತೇನೆ, ಏನೂ ಆಗಿಲ್ಲವಲ್ಲ?

ಇನ್ನೂ ಆಗಿಲ್ಲ. ಕೊನೆಯ ಕ್ಲಿಪ್ ಮುಟ್ಟಿಸಿದಾಗಲೇ ಕಿಡಿ ಏಳುವುದು. ಬ್ಯಾಟರಿಯ ಬಾಯಿಯ ಹತ್ತಿರ ಕಿಡಿ ತಾಗಿದರೆ ಸಿಡಿಯುವ ಹೈಡ್ರೋಜನ್ ಇರುತ್ತದೆ. ಅದಕ್ಕೇ ಕಪ್ಪು ಕ್ಲಿಪ್ ದೂರದ ಇಂಜಿನ್ ಕಬ್ಬಿಣಕ್ಕೆ ಹೋಗಬೇಕು. ನಾನಂತೂ ಕಣ್ಣಿಗೆ ಕನ್ನಡಕ ಹಾಕದೆ ಜಂಪ್ ಕೊಡುವುದಿಲ್ಲ. ನೋಡಿದವರು ಪುಕ್ಕಲ ಅಂದುಕೊಂಡರೆ ಅಂದುಕೊಳ್ಳಲಿ.